ವಿಮಾನದ ರೇಡಿಯೊ ಗೊರಗುಟ್ಟುತ್ತಿದೆಯೇ? ಫಿಲ್ಟರ್ ಕೊಳ್ಳುವ ಮೊದಲು ದಾರಿ ಹುಡುಕಿ

ವಿಮಾನದ ಧ್ವನಿ ರೇಡಿಯೊ ಇಂದಿಗೂ ಎಎಂ. 118ರಿಂದ 137 ಮೆಗಾಹರ್ಟ್ಸ್ ನಡುವಿನ ಪಟ್ಟಿಯಲ್ಲಿ ಪೈಲಟ್‌ನ ಮಾತು ಅಲೆಯ ಏರಿಳಿತವಾಗಿ ಸಾಗುತ್ತದೆ. ಪಕ್ಕದಲ್ಲಿ ಒಂದು ವಿದ್ಯುತ್ ಕಿಡಿ ಹಾರಿದರೂ ಅಂಥದೇ ಏರಿಳಿತ ಹುಟ್ಟುತ್ತದೆ. ಇದು ಮಾತು, ಇದು ಕಿಡಿ ಎಂದು ಬೇರ್ಪಡಿಸುವುದು ರಿಸೀವರ್‌ಗೆ ಗೊತ್ತಾಗುವುದಿಲ್ಲ. ಮಿಕ್ಸಿ ಹಾಕಿದೊಡನೆ ಆಕಾಶವಾಣಿಯ ಮಧ್ಯಮ ತರಂಗದ ಕಾರ್ಯಕ್ರಮ ಗೊರಗುಟ್ಟುವುದೂ ಇದೇ ಕಾರಣಕ್ಕೆ. ಹಾಗಿದ್ದರೆ ಎಫ್‌ಎಂ ಏಕಿಲ್ಲ? ಎಫ್‌ಎಂನಲ್ಲಿ ಬಲವಾದ ಸಂಕೇತ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ. ಎಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕೀಚಲು ಸದ್ದಾದರೂ ಕೇಳಿಸಿ, ಇನ್ನೊಬ್ಬರೂ ಇದ್ದಾರೆಂದು ನಿಯಂತ್ರಣ ಗೋಪುರಕ್ಕೆ ತಿಳಿಯುತ್ತದೆ. ಆ ಅನುಕೂಲಕ್ಕೆ ತೆರುವ ಬೆಲೆಯೇ ಈ ಗದ್ದಲ.

ಕಾರ್ಖಾನೆಯಲ್ಲಿ ತಯಾರಾದ ವಿಮಾನದಲ್ಲಿ ಯಾವ ವೈರು ಎಲ್ಲಿ ಹಾಯಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಕಿಟ್ ತರಿಸಿಕೊಂಡು ಸ್ವತಃ ಕಟ್ಟುವವರ ವಿಮಾನದಲ್ಲಿ ಅದು ಬಹುಪಾಲು ಅವರ ಇಷ್ಟ. ಹಾಗಾಗಿ ಒಂದೇ ಮಾದರಿಯ ಎರಡು ವಿಮಾನಗಳಲ್ಲಿ ಒಂದು ಶಾಂತವಾಗಿದ್ದು ಇನ್ನೊಂದು ಅರಚಬಹುದು. ಅಮೆರಿಕದ ಆರೆಗಾನ್‌ನಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಸರಣಿಯ ಕಿಟ್‌ಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅವುಗಳಲ್ಲಿ ಹೆಚ್ಚಿನವುಗಳ ಮೈ ಅಲ್ಯುಮಿನಿಯಂ. ಆ ಹೊದಿಕೆಯೇ ಅರ್ಧ ರಕ್ಷಣೆ. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿಯಲ್ಲಿ ಮೈಯೆಲ್ಲ ಗಾಜಿನ ನಾರು. ಅದು ರೇಡಿಯೊ ಅಲೆಯನ್ನು ತಡೆಯುವುದೇ ಇಲ್ಲ. ಬೆಂಗಳೂರಿನ ರಾಜ್‌ಹಂಸ ಕಂಪನಿ ತಯಾರಿಸಿ ಹೊರದೇಶಗಳಿಗೂ ಕಿಟ್ಟಾಗಿ ಕಳುಹಿಸಿದ ಎಕ್ಸ್-ಏರ್ ಕೊಳವೆ ಮತ್ತು ಬಟ್ಟೆಯ ವಿಮಾನವಾದ್ದರಿಂದ ಅದಕ್ಕೂ ಲೋಹದ ಮೈಯ ರಕ್ಷಣೆ ಇಲ್ಲ.

ಸದ್ದು ಕೇಳಿದ ಕೂಡಲೇ ಅಂಗಡಿಯಿಂದ ಗದ್ದಲ ಸೋಸುವ ಫಿಲ್ಟರ್ ತಂದು ರೇಡಿಯೊದ ಹಿಂದೆ ಜೋಡಿಸುವುದು ಬಹಳ ಮಂದಿಯ ಅಭ್ಯಾಸ. ಹತ್ತರಲ್ಲಿ ಎರಡು ಸಲ ಅದು ಫಲಿಸಿದರೂ ಅದೃಷ್ಟವೆನ್ನಬೇಕು. ಗದ್ದಲಕ್ಕೆ ಹುಟ್ಟುವ ಜಾಗ, ಬರುವ ದಾರಿ, ಕೇಳಿಸುವ ಜಾಗ ಎಂದು ಮೂರಿವೆ. ದಾರಿ ಗೊತ್ತಾಗುವವರೆಗೆ ಕಿಸೆಗೆ ಕೈ ಹಾಕಬೇಡಿ.

ಮೊದಲು ಸದ್ದಿನ ಗುಣ ಬರೆದುಕೊಳ್ಳಿ

ಎಂಜಿನ್ ವೇಗ ಏರಿದಂತೆ ಸ್ವರವೂ ಏರುವ ಸಿಳ್ಳೆಯಾದರೆ ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಮೇಲೆ ಅನುಮಾನ. ವೇಗಕ್ಕೆ ತಕ್ಕಂತೆ ದಟ್ಟವಾಗುವ ಚಟಚಟವಾದರೆ ಎಂಜಿನ್ನಿನ ಕಿಡಿಗೆ ವಿದ್ಯುತ್ ಒದಗಿಸುವ ಮ್ಯಾಗ್ನೆಟೊ ಅಥವಾ ಸ್ಪಾರ್ಕ್ ಪ್ಲಗ್. ರೆಕ್ಕೆತುದಿಯ ದೀಪ ಮಿನುಗಿದಾಗಲೆಲ್ಲ ಒಂದು ಟಪ್ ಎಂಬ ಸದ್ದು ಬಂದರೆ ಹೇಳುವುದೇ ಬೇಡ, ಸ್ಟ್ರೋಬ್. ಎಂಜಿನ್ ನಿಂತಿದ್ದರೂ ಕೆಲವೇ ಆವರ್ತನಗಳಲ್ಲಿ ಸುಂಯ್‌ಗುಟ್ಟಿದರೆ ಯಾವುದೋ ಡಿಜಿಟಲ್ ಉಪಕರಣ. ಮೋಡ, ಮಳೆ, ದೂಳಿನಲ್ಲಿ ಹಾರುವಾಗ ಮಾತ್ರ ಬರುವ ಗದ್ದಲ ವಿಮಾನದ ಮೈಮೇಲೆ ಶೇಖರವಾದ ಸ್ಥಿರವಿದ್ಯುತ್ತಿನದು. ಅದರ ಪರಿಹಾರದ ದಾರಿಯೇ ಬೇರೆ, ಈ ಲೇಖನದ ವ್ಯಾಪ್ತಿಗೆ ಹೊರಗಿನದು.

ಕ್ಷೀಣ ಸದ್ದನ್ನು ತಡೆಹಿಡಿಯುವ ಸ್ಕ್ವೆಲ್ಚ್ ಗುಂಡಿ ತಿರುಗಿಸಿ ಸದ್ದು ಅಡಗಿಸಿ ‘ಸರಿಹೋಯಿತು’ ಎನ್ನುವವರಿದ್ದಾರೆ. ಅದರೊಂದಿಗೆ ದೂರದ ನಿಲ್ದಾಣದ ಕ್ಷೀಣ ಧ್ವನಿಯೂ ಅಡಗುತ್ತದೆ.

ದಾರಿ ತಿಳಿಯಲು ಮೂರು ಪರೀಕ್ಷೆ

ವಿಮಾನದ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಒಬ್ಬರು ಪೈಲಟ್ ಆಸನದಲ್ಲಿ ಕುಳಿತಿರಲಿ. ಎಂಜಿನ್ ಓಡುವಾಗ ಯಾರೂ ಪ್ರೊಪೆಲ್ಲರ್ ಬಳಿ ಸುಳಿಯಬಾರದು. ಯಾವುದೇ ವೈರು ಬಿಚ್ಚುವುದು, ಜೋಡಿಸುವುದು ಎಂಜಿನ್ ನಿಲ್ಲಿಸಿದ ಮೇಲೆಯೇ.

ರೇಡಿಯೊದ ಧ್ವನಿಯನ್ನು ಪೂರ್ತಿ ತಗ್ಗಿಸಿ. ಗದ್ದಲ ಹಾಗೆಯೇ ಉಳಿದರೆ ಅದು ರೇಡಿಯೊ ದಾಟಿದ ಮೇಲೆ, ಇಂಟರ್‌ಕಾಂ ಅಥವಾ ಹೆಡ್‌ಸೆಟ್ ವೈರಿನಲ್ಲಿ ಸೇರಿಕೊಳ್ಳುತ್ತಿದೆ. ಧ್ವನಿಯೊಂದಿಗೆ ಅದೂ ತಗ್ಗಿದರೆ ಮುಂದಿನ ಪರೀಕ್ಷೆ: ರೇಡಿಯೊದ ಹಿಂದಿನ ಆಂಟೆನಾ ಕೇಬಲ್ ಬಿಚ್ಚಿ ಮತ್ತೆ ಆಲಿಸಿ. ಸದ್ದು ನಿಂತರೆ ಅದು ಗಾಳಿಯಲ್ಲಿ ಹಾರಿ ಆಂಟೆನಾ ಮೂಲಕ ಒಳಬರುತ್ತಿದೆ. ಆಂಟೆನಾ ಇಲ್ಲದಾಗ ಮಾತಿನ ಗುಂಡಿ ಒತ್ತಲೇಬೇಡಿ. ರೇಡಿಯೊದ ಪ್ರಸಾರ ಭಾಗ ಸುಟ್ಟುಹೋದೀತು.

ಕೇಬಲ್ ಬಿಚ್ಚಿದರೂ ಸದ್ದು ನಿಲ್ಲದಿದ್ದರೆ ಬೈಕಿನ 12 ವೋಲ್ಟ್ ಬ್ಯಾಟರಿಯೊಂದನ್ನು ಫ್ಯೂಸ್ ಹಾಕಿ ತಂದು, ರೇಡಿಯೊವನ್ನು ಅದರಿಂದಲೇ ನಡೆಸಿ ನೋಡಿ. ಈಗ ಮೌನವಾದರೆ ಗದ್ದಲ ವಿದ್ಯುತ್ ಪೂರೈಕೆಯ ವೈರಿನಲ್ಲಿ ಬರುತ್ತಿದೆ, ಫಿಲ್ಟರ್ ಕೆಲಸ ಮಾಡುವುದು ಬಹುಮಟ್ಟಿಗೆ ಇಲ್ಲಿ ಮಾತ್ರ. ಕೈಯಲ್ಲಿ ಹಿಡಿಯುವ ವಿಮಾನ ರೇಡಿಯೊ ಇದ್ದರೆ ಇನ್ನೂ ಸುಲಭ: ಅದರದೇ ಬ್ಯಾಟರಿ, ಅದರದೇ ಆಂಟೆನಾ. ಅದರಲ್ಲೂ ಅದೇ ಗದ್ದಲ ಕೇಳಿಸಿದರೆ ಗಾಳಿಯ ದಾರಿ ಖಚಿತ. ಉಪಕರಣಗಳ ಪ್ಯಾನೆಲ್ಲಿನ ಹಿಂದೆ ಅದನ್ನು ಮೆಲ್ಲನೆ ಓಡಾಡಿಸಿದರೆ ಎಲ್ಲಿ ಸದ್ದು ಜೋರಾಗುತ್ತದೆ ಎಂಬುದೂ ಸಿಗುತ್ತದೆ.

ಎಂಜಿನ್ ನಿಂತಿರುವಾಗ

ಎಂಜಿನ್ ಹಚ್ಚದೆ, ಬ್ಯಾಟರಿಯಿಂದ ರೇಡಿಯೊ ಒಂದನ್ನೇ ಹಾಕಿ. ಆಮೇಲೆ ಒಂದೊಂದೇ ಸ್ವಿಚ್: ಪರದೆ, ಜಿಪಿಎಸ್, ಇಂಧನ ಪಂಪ್, ದೀಪ, ಕೊನೆಗೆ ಮೊಬೈಲ್ ಚಾರ್ಜರ್. ನನ್ನ ಕೇಳಿದರೆ ಚಾರ್ಜರಿನಿಂದಲೇ ಆರಂಭಿಸಿ ಎನ್ನುತ್ತೇನೆ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸಲು ಅಗ್ಗದ ಯುಎಸ್‌ಬಿ ಚಾರ್ಜರ್ ಸೆಕೆಂಡಿಗೆ ಲಕ್ಷಾಂತರ ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುತ್ತದೆ. ಅದರ ಮರಿ ಅಲೆಗಳು ವಿಮಾನದ ಪಟ್ಟಿಯವರೆಗೂ ಏರುತ್ತವೆ. ಎಲ್‌ಇಡಿ ದೀಪಗಳ ಒಳಗಿನ ಸರ್ಕ್ಯೂಟಿನದೂ ಇದೇ ಚಾಳಿ. ಒಂದೇ ಆವರ್ತನದಲ್ಲಿ ಪರೀಕ್ಷಿಸಿ ಬಿಡಬೇಡಿ; 118, 122, 127, 136 ಹೀಗೆ ಪಟ್ಟಿಯುದ್ದಕ್ಕೂ ಕೇಳಿ.

ಚಾರ್ಜರ್ ತಪ್ಪಿತಸ್ಥನಾದರೆ ಕಿತ್ತೆಸೆದು ಒಳ್ಳೆಯದು ತನ್ನಿ, ಅದಕ್ಕೆ ಚಿಕಿತ್ಸೆ ಮಾಡುತ್ತ ಕೂರುವುದು ವ್ಯರ್ಥ. ದೀಪವಾದರೆ ಹೋಗುವ ಮತ್ತು ಬರುವ ಎರಡೂ ವೈರುಗಳನ್ನು ಒಂದಕ್ಕೊಂದು ಹೆಣೆದು ಎಳೆಯಿರಿ, ದೀಪದ ಬಳಿಯೇ ವೈರಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ. ಹಳೆಯ ಬಗೆಯ ಸ್ಟ್ರೋಬ್ ದೀಪಕ್ಕೆ ಹೋಗುವ ಕೇಬಲ್ಲಿನ ಜಾಲರಿ ಹೊದಿಕೆಯನ್ನು, ದೀಪಕ್ಕೆ ವಿದ್ಯುತ್ ಕೊಡುವ ಪವರ್ ಪ್ಯಾಕ್ ಇರುವ ತುದಿಯಲ್ಲಿ ಮಾತ್ರ ಅರ್ತ್ ಮಾಡಬೇಕು.

ಹೆಡ್‌ಸೆಟ್ ಸಾಕೆಟ್ ಮತ್ತು ಅರ್ತಿಂಗ್

ಆಲ್ಟರ್ನೇಟರ್ ಸಿಳ್ಳೆ ಎಂದು ಬೈಸಿಕೊಳ್ಳುವ ತೊಂದರೆಗಳಲ್ಲಿ ಎಷ್ಟೋ ಇಲ್ಲಿ ಹುಟ್ಟಿರುತ್ತವೆ. ಆಲ್ಟರ್ನೇಟರ್‌ನ ವಿದ್ಯುತ್ ಪ್ರವಾಹ ವಿಮಾನದ ಲೋಹದ ಮೈಯಲ್ಲಿ ಹರಿದು ವಾಪಸಾಗುವಾಗ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಮಿಲಿವೋಲ್ಟ್‌ಗಳ ವ್ಯತ್ಯಾಸ ಬೀಳುತ್ತದೆ. ದೀಪಕ್ಕಾಗಲಿ ಪಂಪಿಗಾಗಲಿ ಅದು ಲೆಕ್ಕಕ್ಕಿಲ್ಲ. ಆದರೆ ಮೈಕಿನ ಸಂಕೇತವೂ ಸಣ್ಣದೇ. ಹೆಡ್‌ಸೆಟ್ ಸಾಕೆಟ್‌ನ ಹೊರ ಲೋಹ ಪ್ಯಾನೆಲ್ಲಿಗೆ ತಾಗಿ ಅರ್ತ್ ಆಗಿ, ಅದರ ವೈರು ಇಂಟರ್‌ಕಾಂನಲ್ಲಿ ಇನ್ನೊಮ್ಮೆ ಅರ್ತ್ ಆದರೆ ನಡುವಿನ ಆ ಮಿಲಿವೋಲ್ಟ್‌ಗಳೆಲ್ಲ ಕಿವಿಗೆ ಬೀಳುತ್ತವೆ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಸಾಕೆಟ್ ಮತ್ತು ಪ್ಯಾನೆಲ್ ನಡುವೆ ಭುಜವಿರುವ ನೈಲಾನ್ ವಾಷರ್ ಎರಡೂ ಬದಿಗೆ ಇರಬೇಕು. ವೈರು ಬಿಚ್ಚಿಟ್ಟು ಮಲ್ಟಿಮೀಟರ್‌ನಲ್ಲಿ ಸಾಕೆಟ್‌ನ ಹೊರ ಲೋಹಕ್ಕೂ ಪ್ಯಾನೆಲ್ಲಿಗೂ ಸಂಪರ್ಕ ತೋರಿಸಬಾರದು. ಸಾಕೆಟ್‌ನ ವಾಪಸಿ ವೈರು ಇಂಟರ್‌ಕಾಂನಲ್ಲಿ ಮಾತ್ರ ಅರ್ತ್ ಆಗಲಿ. ಆಡಿಯೊ ಕೇಬಲ್ಲಿನ ಹೊದಿಕೆಗೂ ಅಷ್ಟೇ. ರೇಡಿಯೊ, ಇಂಟರ್‌ಕಾಂ ಮೊದಲಾದವುಗಳ ಅರ್ತ್ ವೈರುಗಳೆಲ್ಲ ಎಂಜಿನ್ ಹಿಂದಿನ ಫೈರ್‌ವಾಲ್‌ನ ಒಂದೇ ಬಿಂದುವಿಗೆ ಬಂದು ಸೇರಿದರೆ ಈ ಜಗಳವೇ ಇಲ್ಲ. ಕೇಳುವಾಗ ಎಲ್ಲ ಸರಿಯಿದ್ದು, ನೀವು ಮಾತನಾಡಿದಾಗ ಮಾತ್ರ ಗೋಪುರದವರು ‘ಸಿಳ್ಳೆ ಬರುತ್ತಿದೆ’ ಎಂದರೆ ಮೈಕಿನ ಸಾಕೆಟ್ಟನ್ನು ಮೊದಲು ನೋಡಿ.

ಎಂಜಿನ್ ಓಡುವಾಗ

ಹಾರುವ ಮೊದಲು ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಆರಿಸಿ ಮಾಡುವ ಪರೀಕ್ಷೆಯೇ ಇಲ್ಲೂ ಸಾಕು. ಎಡದ ಮ್ಯಾಗ್ನೆಟೊ ಒಂದರಲ್ಲೇ ಓಡುವಾಗ ಚಟಚಟ ನಿಂತರೆ ತೊಂದರೆ ಬಲದ್ದರಲ್ಲಿದೆ. ಪ್ಲಗ್ ಬಿಚ್ಚಿ ಒಳಗಿನ ರೆಸಿಸ್ಟರ್ ಅಳೆಯಿರಿ. ಹೊದಿಕೆಯುಳ್ಳ ವಿಮಾನ ಪ್ಲಗ್ಗಿನಲ್ಲಿ ಅದು 5,000 ಓಮ್ ಮೀರಿದರೆ ಬದಲಿಸುವುದು ಲೇಸು. ಮ್ಯಾಗ್ನೆಟೊದಿಂದ ಸ್ವಿಚ್ಚಿಗೆ ಬರುವ ಪಿ-ಲೀಡ್ ವೈರಿನ ಹೊದಿಕೆ ಮ್ಯಾಗ್ನೆಟೊ ಬಳಿ ಕಳಚಿದ್ದರೂ ಇದೇ ಸದ್ದು. ಒಂದು ಎಚ್ಚರಿಕೆ: ಪಿ-ಲೀಡ್ ಬಿಚ್ಚಿದರೆ ಮ್ಯಾಗ್ನೆಟೊ ಆರುವುದಿಲ್ಲ, ಜೀವಂತವಾಗಿಯೇ ಉಳಿಯುತ್ತದೆ. ಆಗ ಪ್ರೊಪೆಲ್ಲರನ್ನು ಕೈಯಿಂದ ಅಲುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು.

ಸಿಳ್ಳೆಗೆ ನೆಲದ ಮೇಲೆ, ತಗ್ಗಿದ ವೇಗದಲ್ಲಿ, ಆಲ್ಟರ್ನೇಟರಿನ ಉತ್ಪಾದನೆ ನಿಲ್ಲಿಸುವ ಫೀಲ್ಡ್ ಸ್ವಿಚ್ ಆರಿಸಿ ನೋಡಿ. ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ ಕಾರಿನ ಆಲ್ಟರ್ನೇಟರ್ ಹಾಕಿದ್ದರೆ ಓಡುತ್ತಿರುವಾಗ ಹೀಗೆ ಆರಿಸಬಹುದೇ ಎಂದು ಕೈಪಿಡಿ ನೋಡಿಕೊಳ್ಳಿ. ಸಿಳ್ಳೆ ನಿಂತು, ಅರ್ತಿಂಗ್ ಕೂಡ ಸರಿಯಿದ್ದರೆ, ಆಗ ಆಲ್ಟರ್ನೇಟರ್ ಒಳಗಿನ ಡಯೋಡ್ ಒಂದು ಹೋಗಿರಬಹುದು, ಅಥವಾ ಫಿಲ್ಟರ್ ಬೇಕಾಗಬಹುದು. ರೋಟ್ಯಾಕ್ಸ್ 912 ಎಂಜಿನ್ ಇದ್ದವರು ರೆಗ್ಯುಲೇಟರ್ ಜೊತೆಗೆ ಹಾಕಬೇಕಾದ 22,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆಯೇ, ಉಬ್ಬಿದೆಯೇ ನೋಡಲಿ.

ಆಂಟೆನಾ

ಲೋಹದ ಮೈಯ ವಿಮಾನದಲ್ಲಿ ಆಂಟೆನಾದ ಬುಡಕ್ಕೂ ಮೈಗೂ ನಡುವೆ ಬಣ್ಣ ಇರಕೂಡದು. ಉಜ್ಜಿ, ಲೋಹಕ್ಕೆ ಲೋಹ ತಾಗಿಸಿ ಬಿಗಿಯಿರಿ. ಸುಮಾರು 57 ಸೆಂಟಿಮೀಟರಿನ ಆಂಟೆನಾ ಕಡ್ಡಿಗೆ ಸುತ್ತಲೂ ಅಷ್ಟೇ ಉದ್ದದ ಲೋಹದ ನೆಲ ಬೇಕು. ಬಟ್ಟೆಯ ವಿಮಾನದಲ್ಲಿ ಅದನ್ನು ತಾಮ್ರದ ಪಟ್ಟಿಗಳಿಂದ ಮಾಡಿಕೊಳ್ಳುತ್ತಾರೆ. ಸಾಧಾರಣ ಆರ್‌ಜಿ-58 ಕೇಬಲ್ಲಿಗಿಂತ ಎರಡು ಪದರ ಜಾಲರಿಯ ಆರ್‌ಜಿ-400 ಗದ್ದಲವನ್ನು ಹೆಚ್ಚು ತಡೆಯುತ್ತದೆ. ಇಗ್ನಿಷನ್ ಮತ್ತು ಸ್ಟ್ರೋಬ್ ವೈರುಗಳ ಕಟ್ಟಿನಿಂದ ಅದನ್ನು ದೂರ ಹಾಯಿಸಿ.

ಎಲ್ಲ ಮುಗಿದ ಮೇಲೆ ಇನ್ನೊಂದು ಪರೀಕ್ಷೆ, ಈ ಸಲ ತಿರುಗುಮುರುಗು. ನಿಮ್ಮ ರೇಡಿಯೊ ಜಿಪಿಎಸ್ಸನ್ನು ಕೆಡಿಸುತ್ತಿರಬಹುದು. ಜಿಪಿಎಸ್ ಆವರ್ತನ 1575.42 ಮೆಗಾಹರ್ಟ್ಸ್; 131.285ರ ಹನ್ನೆರಡು ಪಟ್ಟು ಸರಿಯಾಗಿ ಅಷ್ಟೇ ಆಗುತ್ತದೆ, 121.186ರ ಹದಿಮೂರು ಪಟ್ಟೂ ಹೆಚ್ಚುಕಡಿಮೆ ಅಷ್ಟೇ. 121.15, 121.175, 121.2, 131.25, 131.275, 131.3 ಇವುಗಳಲ್ಲಿ ಯಾವುದೂ ನಿಮ್ಮ ಊರಿನಲ್ಲಿ ಬಳಕೆಯಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಒಂದೊಂದರಲ್ಲೂ ಅರ್ಧ ನಿಮಿಷ ಪ್ರಸಾರದ ಗುಂಡಿ ಒತ್ತಿ ಹಿಡಿದು ಪರದೆಯ ಮೇಲೆ ಉಪಗ್ರಹಗಳ ಸಂಕೇತ ಕುಸಿಯುತ್ತದೆಯೇ ನೋಡಿ. ಕುಸಿದರೆ ಎರಡು ಆಂಟೆನಾಗಳ ನಡುವಿನ ಅಂತರ ಹೆಚ್ಚಿಸಬೇಕು.