ಥರ್ಮಾಕೋಲ್ ಪೆಟ್ಟಿಗೆಗೆ ಹಳೆಯ ಮರದ ಕೋಣೆ ಕೂರಿಸಿದ್ದು

ಯಲಹಂಕದ ನಮ್ಮ ತಾರಸಿಯಲ್ಲಿ ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ನಾಲ್ಕು ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗಳಿವೆ, ಅಂದರೆ ಕೋಣೆಗಳನ್ನು ಒಂದರ ಮೇಲೊಂದು ಇಡುವ ಮರದ ಜೇನುಪೆಟ್ಟಿಗೆಗಳು. ಏಪ್ರಿಲ್ ಬಿಸಿಲಿಗೆ ಮೇಣದ ಎರಿ ಮೆತ್ತಗಾಗುವುದನ್ನು ನೋಡಲಾರದೆ ಒಂದು ಪಾಲಿಸ್ಟೈರೀನ್ (ಥರ್ಮಾಕೋಲ್) ಸಂಸಾರ ಕೋಣೆ, ಅಂದರೆ ಮರಿ ಬೆಳೆಯುವ ಕೆಳಗಿನ ಕೋಣೆ, ತರಿಸಿದೆ. ಎರಿ ಕಟ್ಟುವ ಚೌಕಟ್ಟುಗಳು ಸಲೀಸಾಗಿ ಇಳಿದವು. ಆದರೆ ಅದರ ಗೋಡೆ 40 ಮಿ.ಮೀ. ದಪ್ಪ, ಮರದ್ದು 19. ಮೇಲೆ ಜೇನುತುಪ್ಪ ತುಂಬುವ ಹಳೆಯ ಮರದ ಜೇನುಕೋಣೆ ಇಟ್ಟಾಗ ಸುತ್ತಲೂ ಎರಡು ಸೆಂ.ಮೀ. ಮೆಟ್ಟಿಲು ಉಳಿಯಿತು. ಮೊದಲ ಮಳೆಯ ನೀರು ಅಲ್ಲೇ ನಿಂತು ಒಳಗೆ ಜಿನುಗಿತು.

ಇನ್ನೂ ದೊಡ್ಡ ತಪ್ಪು ಒಳಗಿತ್ತು. ನನ್ನ ಮರದ ಪೆಟ್ಟಿಗೆಗಳಲ್ಲಿ ಚೌಕಟ್ಟಿನ ಮೇಲೆ ಜೇನ್ನೊಣಗಳು ಓಡಾಡಲು 8 ಮಿ.ಮೀ. ಜಾಗವಿರುತ್ತದೆ, ಕೆಳಗೆ ಇರುವುದಿಲ್ಲ. ಹೊಸದರಲ್ಲಿ ಇದು ತಿರುವುಮುರುವು. ಎರಡೂ ಕೂಡಿದ ಕಡೆ ಜಾಗವೇ ಇಲ್ಲ. ನೊಣಗಳು ಅಲ್ಲಿ ಗಿಡಮರಗಳಿಂದ ತಂದ ಅಂಟು ತುಂಬಿದ್ದವು, ಎಷ್ಟೋ ನೊಣಗಳು ನಜ್ಜುಗುಜ್ಜಾಗಿದ್ದವು. ಆ ದಿನ ಬಹಳ ಸಂಕಟವಾಯಿತು.

ಎರಡು ಕೋಣೆಗಳ ನಡುವೆ ಕೂರಿಸಲು ಬಡಗಿಯಿಂದ 8 ಮಿ.ಮೀ. ದಪ್ಪದ ಮರದ ಉಂಗುರಪಟ್ಟಿ ಮಾಡಿಸಿದೆ: ಒಳ ಅಳತೆ ಪೆಟ್ಟಿಗೆಯದ್ದೇ, ಹೊರಗೆ ಪಾಲಿಸ್ಟೈರೀನ್ ಗೋಡೆಗಿಂತ ಒಂದು ಸೆಂ.ಮೀ. ಚಾಚು, ಅಂಚು ಇಳಿಜಾರು. ನೀರು ಜಾರಿತು, ನೊಣಗಳಿಗೆ ಓಡಾಡಲು ದಾರಿಯೂ ಸಿಕ್ಕಿತು.

ಹೊರಗೆ ನೀರು ಬೆರೆಸುವ ಬಣ್ಣವನ್ನೇ ಬಳಿಯಿರಿ. ಥಿನ್ನರ್ ಸೋಕಿದರೆ ಪಾಲಿಸ್ಟೈರೀನ್ ಕರಗುತ್ತದೆ. ಕೊಳ್ಳುವ ಮುನ್ನ ಚೌಕಟ್ಟಿನ ಉದ್ದ ಕೇಳಿದರೆ ಸಾಲದು, ಜಾಗ ಮೇಲಿದೆಯೋ ಕೆಳಗಿದೆಯೋ ಎಂದು ಕೇಳಿ.