ಕಡಲಿಂದ ಬಂದ ಗಾಳಕ್ಕೆ ಸಿಹಿನೀರಿನ ಸ್ನಾನ

ಕಡಲಲ್ಲಿ ಗಾಳ ಹಾಕಿ ಮನೆಗೆ ಬರುವಷ್ಟರಲ್ಲಿ ಮೈ ಹಣ್ಣಾಗಿರುತ್ತದೆ. ಮೀನನ್ನು ಒಳಗೆ ಕೊಟ್ಟು, ಗಾಳದ ಕೋಲನ್ನು ಮೂಲೆಗೆ ಒರಗಿಸಿ, ‘ನಾಳೆ ತೊಳೆದರಾಯಿತು’ ಎಂದು ಮಲಗುತ್ತೇವೆ. ಸಲಕರಣೆ ಹಾಳಾಗುವುದು ಅಲ್ಲಿಂದಲೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಸಂದುಗೊಂದುಗಳಲ್ಲಿ ಹರಳುಗಟ್ಟಿ ಕೂರುತ್ತದೆ, ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ. ಅದರಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಮೇಲಿರುವ ತೆಳುವಾದ ರಕ್ಷಣಾ ಪದರವನ್ನು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ಸ್ಟೇನ್‌ಲೆಸ್ ಎಂಬ ಧೈರ್ಯ ಉಪ್ಪಿನ ಮುಂದೆ ನಡೆಯದು. ಉಪ್ಪು ಆರುವ ಮೊದಲೇ, ಅಂದೇ ತೊಳೆಯಬೇಕು.

ಮೊದಲು ರೀಲ್, ಅಂದರೆ ಕೋಲಿಗೆ ಕೂರಿಸಿದ, ಹಿಡಿ ತಿರುಗಿಸಿ ದಾರ ಸುತ್ತುವ ರಾಟೆ. ನೀರು ಮುಟ್ಟಿಸುವ ಮುನ್ನ ಡ್ರ್ಯಾಗ್ ತಿರುಪನ್ನು (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹಿಡಿತ ಮಾಡುವ ತಿರುಪು) ಬಿಗಿ ಮಾಡಿ. ಇಲ್ಲದಿದ್ದರೆ ಒಳಗಿನ ವಾಷರ್‌ಗಳ ನಡುವೆ ನೀರು ನುಗ್ಗುತ್ತದೆ. ಆಮೇಲೆ ಗಿಡಕ್ಕೆ ಹನಿಸುವಂತೆ ತಣ್ಣೀರನ್ನು ಮೆಲ್ಲಗೆ ಬಿಡಿ. ಜೋರಾದ ಪೈಪಿನ ನೀರು ಖಂಡಿತ ಬೇಡ. ಶುರುವಿನಲ್ಲಿ ನಾನು ಮಾಡಿದ ತಪ್ಪು ಅದೇ. ಚೊಕ್ಕವಾಗಲಿ ಎಂದು ಪೈಪಿನ ಬಾಯಿ ಒತ್ತಿ ಹಿಡಿದು ರೀಲಿಗೆ ನೀರು ಹೊಡೆದೆ. ಹೊರಗಿದ್ದ ಉಪ್ಪೆಲ್ಲ ನೀರಿನ ಜೊತೆ ಒಳಗಿನ ಬೇರಿಂಗ್‌ಗೆ ಸೇರಿತು. ಕೆಲವೇ ವಾರಗಳಲ್ಲಿ ಹಿಡಿ ತಿರುಗಿಸಿದರೆ ಮರಳು ಅರೆದಂತೆ ಕರಕರ ಸದ್ದು. ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸುವುದೂ ಅಷ್ಟೇ ಕೆಟ್ಟದ್ದು.

ಸ್ಪಿನ್ನಿಂಗ್ ರೀಲ್ (ದಾರದ ಉರುಳೆಯಾದ ಸ್ಪೂಲ್ ನಿಂತಲ್ಲೇ ಇದ್ದು, ಬೇಲ್ ಎಂಬ ಬಾಗಿದ ತಂತಿ ಅದರ ಸುತ್ತ ತಿರುಗಿ ದಾರ ಸುತ್ತುವ ಬಗೆ) ಇದ್ದವರು ಲೈನ್ ರೋಲರ್ ಕಡೆ ವಿಶೇಷ ಗಮನ ಕೊಡಿ. ದಾರ ಸ್ಪೂಲಿಗೆ ತಿರುಗುವ ಮೂಲೆಯಲ್ಲಿರುವ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಗಾಲಿ ಅದು. ಕಡಲಿನಿಂದ ಬರುವ ಒದ್ದೆ ದಾರವೆಲ್ಲ ಇದರ ಮೇಲೆಯೇ ಹಾದು ಬರುವುದರಿಂದ ಇಷ್ಟು ಉಪ್ಪು ಕುಡಿಯುವ ಭಾಗ ರೀಲಿನಲ್ಲಿ ಇನ್ನೊಂದಿಲ್ಲ. ತೊಳೆದ ಮೇಲೆ ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ಸುತ್ತಿದರೆ ಸರಿ. ಅಂಟಿಕೊಂಡಿದ್ದರೆ ದಾರ ಅದರ ಮೇಲೆ ಉಜ್ಜಿಕೊಂಡು ಸವೆಯುತ್ತದೆ, ದೊಡ್ಡ ಮೀನು ಕಚ್ಚಿದ ಹೊತ್ತಿಗೇ ಕಡಿದುಹೋಗುತ್ತದೆ.

ತೊಳೆದಾದ ಮೇಲೆ ರೀಲನ್ನು ಕೊಡವಿ, ಮೆತ್ತನೆ ಬಟ್ಟೆಯಿಂದ ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಲ್ಲಿ ಆರಲು ಬಿಡಿ. ಬಿಗಿಯಾಗಿಯೇ ಇಟ್ಟರೆ ವಾಷರ್‌ಗಳು ಅದುಮಿಕೊಂಡು ಡ್ರ್ಯಾಗ್ ದಾರವನ್ನು ಸಲೀಸಾಗಿ ಬಿಡದೆ ಜಗ್ಗಿ ಜಗ್ಗಿ ಬಿಡುತ್ತದೆ. ಚೆನ್ನಾಗಿ ಆರಿದ ಮೇಲೆ ಲೈನ್ ರೋಲರ್‌ಗೆ, ಹಿಡಿಯ ಗುಬ್ಬಿಗೆ, ಬೇಲ್ ತಂತಿಯ ಕೀಲಿಗೆ ಒಂದೊಂದೇ ಹನಿ ರೀಲ್ ಎಣ್ಣೆ. ಒಳಗಿನ ಹಲ್ಲುಗಾಲಿಗಳಿಗೆ ಬೇಕಾದದ್ದು ಗ್ರೀಸ್. ಅದಕ್ಕಾಗಿ ರೀಲನ್ನು ಪ್ರತಿಸಲ ಬಿಚ್ಚಬೇಕಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಗೆ ಬದಲಿಯಲ್ಲ, ಅದು ಇದ್ದ ಗ್ರೀಸನ್ನೂ ಕರಗಿಸಿ ತೆಗೆಯುತ್ತದೆ.

ಕೋಲಿಗೆ ಇಷ್ಟು ಉಪಚಾರ ಬೇಡ. ರೀಲ್ ಕಳಚಿ, ಜೋಡಣೆಗಳನ್ನು ಬಿಡಿಸಿ, ಸೋಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬರಿ ನೀರಿನಲ್ಲಿ ತೊಳೆದರೆ ಮುಗಿಯಿತು. ರೀಲ್ ಕೂರುವ ಜಾಗದ ತಿರುಪಿನ ಎಳೆಗಳನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ದಾರ ಹಾಯುವ ಬಳೆಗಳ ಒಳಗೆ ಹತ್ತಿಕಡ್ಡಿ ಆಡಿಸಿ ನೋಡಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಎಂದೇ ಲೆಕ್ಕ. ಆ ಬಳೆ ಬದಲಿಸುವವರೆಗೆ ಆ ಕೋಲನ್ನು ಬಳಸಬೇಡಿ. ಒದ್ದೆ ಕೋಲನ್ನು ಚೀಲಕ್ಕೆ ತುರುಕಬೇಡಿ.

ಅಂದು ನೀರಿಗಿಳಿದಷ್ಟು ದಾರವನ್ನು ಎಳೆದು, ಸಿಹಿನೀರಿನ ಒದ್ದೆ ಬಟ್ಟೆಯ ನಡುವೆ ಹಾಯಿಸುತ್ತಾ ಮತ್ತೆ ಸುತ್ತಿ. ಹೆಣೆದ ದಾರ ಎಳೆಗಳ ನಡುವೆ ಉಪ್ಪುನೀರು ಹಿಡಿದಿಡುವುದರಿಂದ ಅದಕ್ಕೆ ಇದು ಹೆಚ್ಚು ಮುಖ್ಯ. ಬಂಡೆಗೆ ಉಜ್ಜಿ ಜುಂಗು ಎದ್ದ ತುದಿಯನ್ನು ಕತ್ತರಿಸಿ ಬಿಡಿ. ನೈಲಾನ್ ದಾರವಾಗಲಿ ಬಲೆಯಾಗಲಿ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ಆದ್ದರಿಂದ ಎರಡನ್ನೂ ನೆರಳಲ್ಲೇ ಒಣಗಿಸಿ.

ಕೊನೆಗೆ ಕೊಕ್ಕೆ ಮತ್ತು ಲ್ಯೂರ್‌ಗಳು (ಮೀನನ್ನು ಸೆಳೆಯುವ ಕೃತಕ ಆಮಿಷಗಳು). ಬಳಸಿದ್ದನ್ನು ಕಡಲ ದಂಡೆಯಲ್ಲೇ ಬೇರೆ ಡಬ್ಬಿಗೆ ಹಾಕಿಕೊಳ್ಳಿ. ಉಪ್ಪು ಹತ್ತಿದ ಒಂದು ಲ್ಯೂರ್ ಪೆಟ್ಟಿಗೆಯೊಳಗೆ ಸೇರಿದರೆ ಅದರ ತೇವಕ್ಕೆ ಪಕ್ಕದ ಹೊಸ ಕೊಕ್ಕೆಗಳೂ ತುಕ್ಕು ಹಿಡಿಯುತ್ತವೆ. ಮನೆಗೆ ಬಂದು ಅವನ್ನು ಸಿಹಿನೀರಿನಲ್ಲಿ ಅಲುಬಿ, ಬಟ್ಟೆಯ ಮೇಲೆ ಹರಡಿ. ದಂಡೆಗೆ ಹೋಗಿ ಬಂದ ಪೆಟ್ಟಿಗೆಯನ್ನೂ ಒರೆಸಿ, ರಾತ್ರಿಯಿಡೀ ಮುಚ್ಚಳ ತೆರೆದೇ ಇಡಿ.