ಹೆರಿಗೆ ಮನೆಯಲ್ಲಿ ರಕ್ತ ಅಳೆದ ನನ್ನ ಅನುಭವ

ಹೆರಿಗೆ ಆದ ಮೇಲೆ ಎಷ್ಟು ರಕ್ತ ಹೋಯಿತು ಎಂದು ಕೇಳಿದರೆ ಆಗ ನಮ್ಮ ಹತ್ತಿರ ಮೂರೇ ಉತ್ತರ ಇದ್ದವು. ಸ್ವಲ್ಪ, ಸಾಧಾರಣ, ಜಾಸ್ತಿ. ಮಣ್ಣಿನ ನೆಲ, ಅದರ ಮೇಲೆ ಗೋಣಿ ತಟ್ಟು, ಅದರ ಮೇಲೆ ಹಳೇ ಸೀರೆ. ರಾತ್ರಿ ಕರೆಂಟ್ ಇರುತ್ತಿರಲಿಲ್ಲ. ರಕ್ತ ಬಟ್ಟೆಗೆ ಇಳಿಯುತ್ತದೆ, ನೆಲಕ್ಕೆ ಇಳಿಯುತ್ತದೆ, ನೀರಿನ ಜೊತೆ ಬೆರೆಯುತ್ತದೆ. ಅಳೆಯುವುದು ಹೇಗೆ? ತಾಯಿಯ ಮುಖ ಬಿಳಚಿಕೊಂಡು ನಾಡಿ ಓಡತೊಡಗಿದಾಗಲೇ ಗೊತ್ತಾಗುತ್ತಿತ್ತು. ಅಷ್ಟೊತ್ತಿಗೆ ಗಾಡಿ ಹುಡುಕಬೇಕು, ಆಸ್ಪತ್ರೆ ಮುಟ್ಟಬೇಕು.

ನಾನು ಬೆಳಗಾವಿ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಎಎನ್‌ಎಂ ಆಗಿದ್ದೆ. ಅಂದರೆ ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ಸರ್ಕಾರಿ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ನರ್ಸಬಾಯಿ. 2002ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ನಮ್ಮ ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಆ ಕಾಲೇಜು ಈಗ ಕೆಎಲ್‌ಇಯ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಅಮೆರಿಕದ ವಿಶ್ವವಿದ್ಯಾಲಯದವರೂ ಜೊತೆಗಿದ್ದರು. ಆದರೆ ಕೆಲಸ ನಡೆದದ್ದು ಲ್ಯಾಬಿನಲ್ಲಿ ಅಲ್ಲ, ನಾವು ಹೆರಿಗೆ ಮಾಡಿಸುವ ಮನೆಗಳಲ್ಲಿ. ನಮ್ಮಂಥ 25 ಎಎನ್‌ಎಂಗಳೇ ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತ ಅಳೆದು, ಬರೆದಿಟ್ಟೆವು.

ಅವರು ಕೇಳಿದ ಪ್ರಶ್ನೆ ಇಷ್ಟೇ. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆತ್ತ ತಾಯಿಗೆ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ರಕ್ತಸ್ರಾವ ಕಡಿಮೆ ಆಗುತ್ತದೆಯೇ? ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಇಲ್ಲದ ಊರಲ್ಲಿ ಎಲ್ಲಿಂದ ತರುವುದು ಅಂಥ ತಂಪು? ಮಿಸೊಪ್ರೊಸ್ಟಾಲ್ ಮೊದಲು ಬಂದದ್ದು ಹೊಟ್ಟೆಯ ಹುಣ್ಣಿನ ಔಷಧಿಯಾಗಿ. ಅದಕ್ಕೆ ಗರ್ಭಕೋಶ ಬಿಗಿಯುವ ಗುಣವೂ ಇದೆ. ಫ್ರಿಜ್ ಬೇಡ, ಸೂಜಿ ಬೇಡ.

ಒಪ್ಪಿಗೆ ಕೇಳುವುದೇ ಅರ್ಧ ಕೆಲಸ. ಬಸುರಿ ಒಬ್ಬಳೇ ತೀರ್ಮಾನ ಮಾಡುವ ಮನೆ ಆಗ ಕಡಿಮೆ. ಅತ್ತೆ ಕೂರಬೇಕು, ಗಂಡ ಕೇಳಬೇಕು, ಸೂಲಗಿತ್ತಿ ಅಜ್ಜಿಗೂ ಸಮಾಧಾನ ಆಗಬೇಕು. ಅರ್ಧ ಜನರಿಗೆ ನಿಜವಾದ ಗುಳಿಗೆ, ಅರ್ಧ ಜನರಿಗೆ ಅದೇ ತರ ಕಾಣುವ ಆದರೆ ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ನನಗೂ ಗೊತ್ತಿರುತ್ತಿರಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕಿತ್ತು. "ಗೊತ್ತಿಲ್ಲದ ಗುಳಿಗಿ ಯಾಕ ಕೊಡ್ತೀರಿ ಬಾಯಾರ?" ಎಂದು ಕೇಳಿದವರಿದ್ದಾರೆ. ನಾನು ಹೇಳುತ್ತಿದ್ದೆ: ಯಾವುದು ಎಂದು ನನಗೆ ಗೊತ್ತಿದ್ದರೆ ನನ್ನ ಕಣ್ಣು ಒಂದು ಕಡೆ ವಾಲುತ್ತದೆ. ಗುಳಿಗೆ ಯಾವುದೇ ಇರಲಿ, ರಕ್ತ ಜಾಸ್ತಿ ಹೋದರೆ ನಿಮ್ಮನ್ನು ಬಿಟ್ಟು ನಾನು ಏಳುವುದಿಲ್ಲ, ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಈ ಎರಡನೇ ಮಾತು ಕೇಳಿದ ಮೇಲೆ ಬಹಳ ಜನ ಒಪ್ಪುತ್ತಿದ್ದರು. ಒಪ್ಪದವರಿಗೂ ಹೆರಿಗೆ ಮಾಡಿಸುವುದರಲ್ಲಿ ಏನೂ ವ್ಯತ್ಯಾಸ ಮಾಡಲಿಲ್ಲ. ಅದು ಮುಖ್ಯ, ಅಲ್ವಾ?

ಇನ್ನು ರಕ್ತ ಅಳೆಯಲು ನಮಗೆ ಕೊಟ್ಟಿದ್ದ ಹಾಳೆಯ ವಿಷಯ. ಅದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ನೋಡಲು ಬರೀ ಒಂದು ಪ್ಲಾಸ್ಟಿಕ್ ಹಾಳೆ. ಕೆಳತುದಿ ಆಲಿಕೆಯ ಹಾಗೆ ಕಿರಿದಾಗಿ ಚೀಲವಾಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಮೇಲಿನ ತುದಿಗೆ ಪಟ್ಟಿ ಇರುತ್ತದೆ, ಅದನ್ನು ತಾಯಿಯ ಹೊಟ್ಟೆಯ ಸುತ್ತ ಸಡಿಲವಾಗಿ ಕಟ್ಟಬೇಕು. ನಮ್ಮ ಹೆಂಗಸರು ಮಂಚದ ಮೇಲೆ ಹೆರುವುದಿಲ್ಲ, ನೆಲದ ಮೇಲೆ ಹೆರುತ್ತಾರೆ ಎಂದು ಗೊತ್ತಿದ್ದವರೇ ಹಾಗೆ ಪಟ್ಟಿ ಇಟ್ಟು ಮಾಡಿದ್ದರು. ಬೆಳಗಾವಿಯ ವೈದ್ಯರೂ ಅಮೆರಿಕದವರೂ ಸೇರಿ ಈ ಅಧ್ಯಯನಕ್ಕಾಗಿಯೇ ರೂಪಿಸಿದ ಹಾಳೆ ಅದು.

ನಾನು ಮಾಡುತ್ತಿದ್ದ ಕ್ರಮ ಹೀಗೆ. ಕೂಸು ಹೊರಗೆ ಬರುತ್ತದೆ. ಹೊಟ್ಟೆ ಮುಟ್ಟಿ ನೋಡಿ ಇನ್ನೊಂದು ಕೂಸು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಅವಳಿ ಇದ್ದಾಗ ಈ ಗುಳಿಗೆ ಮೊದಲೇ ಕೊಟ್ಟರೆ ಅಪಾಯ. ಹೊಕ್ಕುಳಬಳ್ಳಿ ಕಟ್ಟಿ ಕತ್ತರಿಸಿ, ಕೂಸನ್ನು ಒರೆಸಿ, ಬೆಚ್ಚಗೆ ಸುತ್ತಿ ಅಜ್ಜಿಯ ಕೈಗೆ ಕೊಡುತ್ತೇನೆ. ಗರ್ಭದ ನೀರೆಲ್ಲ ಹರಿದು ಹೋದ ಮೇಲೆಯೇ ಹಾಳೆಯನ್ನು ತಾಯಿಯ ಕೆಳಗೆ ಸರಿಸುವುದು. ಮೊದಲೇ ಹಾಕಿದರೆ ನೀರೂ ಚೀಲಕ್ಕೆ ಇಳಿದು ಲೆಕ್ಕ ಕೆಡುತ್ತದೆ. ಗುಳಿಗೆ ನುಂಗಿಸುತ್ತೇನೆ, ಒಟ್ಟು 600 ಮೈಕ್ರೋಗ್ರಾಂ. ಆಮೇಲೆ ಕೂತು ಕಾಯುವುದು. ಗೆರೆ ಓದುವಾಗ ಚೀಲವನ್ನು ನೇರ ಹಿಡಿದು, ಕಣ್ಣು ಗೆರೆಯ ಮಟ್ಟಕ್ಕೆ ತಂದು, ಟಾರ್ಚ್ ಹಿಂದಿನಿಂದ ಬಿಡಬೇಕು. ಬಾಗಿ ಮೇಲಿಂದ ನೋಡಿದರೆ ತಪ್ಪು ಅಂಕೆ ಬರುತ್ತದೆ. ಗುಳಿಗೆಯಿಂದ ಕೆಲವರಿಗೆ ನಡುಕ, ಜ್ವರ ಬರುತ್ತಿತ್ತು. ಇದು ಬರಬಹುದು, ಬಂದು ಹೋಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡುತ್ತಿದ್ದೆ. ಕಂಬಳಿ ಹತ್ತಿರ ಇಟ್ಟುಕೊಂಡೇ ಕೂರುತ್ತಿದ್ದೆವು.

500 ಮಿಲಿ ದಾಟಿದರೆ ರಕ್ತಸ್ರಾವ ಎಂದೇ ಲೆಕ್ಕ. ಗೆರೆ ಕಣ್ಣೆದುರು ಇರುವಾಗ ಅತ್ತೆಯ ಜೊತೆ ವಾದವೇ ಬೇಕಾಗಿರಲಿಲ್ಲ. "ಇದೆಲ್ಲಾ ಹೋಗೂದ ಬಾಯಾರ, ಕೆಟ್ಟ ರಕ್ತ ಅದು" ಎನ್ನುತ್ತಿದ್ದವರೇ ಗೆರೆ ನೋಡಿ ಗಾಡಿ ತರಿಸಲು ಎದ್ದದ್ದನ್ನು ನಾನು ಕಂಡಿದ್ದೇನೆ. ಇದೇ ಹಾಳೆಯಿಂದ ಇನ್ನೊಂದು ಸಂಗತಿಯೂ ಹೊರಗೆ ಬಂತು. ಕಣ್ಣಂದಾಜು ಮತ್ತು ಹಾಳೆಯ ಅಳತೆ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು 33 ಶೇಕಡ ಕಡಿಮೆ ಹೇಳುತ್ತಿತ್ತು.

ಒಟ್ಟು 1620 ತಾಯಂದಿರು ಸೇರಿದರು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧಿ ಇಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ. ಅಂದರೆ 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗದ ಕಡೆ ಆರೋಗ್ಯ ಕಾರ್ಯಕರ್ತೆಯರೇ ಅದನ್ನು ಕೊಡಬಹುದು ಎಂದು ಮರುವರ್ಷ ಹೇಳಿತು.

ನಮ್ಮ ಕಡೆ ಈಗ ಮನೆ ಹೆರಿಗೆ ತೀರ ಕಡಿಮೆ. ಜನನಿ ಸುರಕ್ಷಾ ಬಂತು, 108 ಗಾಡಿ ಬಂತು. ಹಾಗಾಗಿ ಗುಳಿಗೆಗಿಂತ ಅಳೆಯುವ ರೂಢಿಯೇ ದೊಡ್ಡ ಲಾಭ ಎಂದು ನನಗೆ ಅನಿಸುತ್ತದೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳ ಅಧ್ಯಯನದ ಫಲಿತಾಂಶ ಬಂತು. ಅಲ್ಲಿಯೂ ಇಂಥದ್ದೇ ಗೆರೆ ಹಾಕಿದ ಹಾಳೆ. ರಕ್ತ ಗೆರೆ ಮುಟ್ಟಿದ ಕೂಡಲೇ ಗರ್ಭಕೋಶ ತಿಕ್ಕುವುದು, ಔಷಧಿ, ಸಲೈನ್ ಎಲ್ಲ ಒಟ್ಟಿಗೆ ಶುರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರೂ ಸೇರಿ 60 ಶೇಕಡ ಇಳಿದವು. ಅದನ್ನು ಕೇಳಿದ ದಿನ ನನಗೆ ಆದ ಸಂತೋಷ ಹೇಳತೀರದು.

ಇದು ಬರೀ ಡಾಕ್ಟರರ ಕೆಲಸ ಅಲ್ಲ. ಯಾರಿಗೆ ಯಾವ ಗುಳಿಗೆ ಎಂದು ಹಂಚಿದ್ದು, 1620 ಜನ ಸಾಕೇ ಎಂದು ನೋಡಿದ್ದು ಸಂಖ್ಯಾಶಾಸ್ತ್ರದವರು. ಹೆರಿಗೆಯನ್ನೇ ನೋಡದ ವಿಷಯ ಅದು, ಆದರೆ ಅದಿಲ್ಲದೆ ನಮ್ಮ ಪುಸ್ತಕದ ಅಂಕೆಗಳು ಸುಮ್ನೆ ಅಂಕೆಗಳೇ. ಹೊಲದ ಅಳತೆಯ ಕಥೆಯೂ ಹೀಗೇ. ನನ್ನ ತವರು ವಿಜಯಪುರ ಜಿಲ್ಲೆಯ ಎರೆ ಹೊಲ. ಅಲ್ಲಿ 1930ರ ದಶಕದಿಂದಲೇ ಒಣ ಬೇಸಾಯದ ಸಂಶೋಧನೆ ನಡೆದಿದೆ, ಈಗ ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿದೆ. ನನ್ನ ತಮ್ಮ ಮಳೆಗಾಲದಲ್ಲಿ ಹೊಲಕ್ಕೆ ಚೌಕು ಮಡಿ ಕಟ್ಟುತ್ತಾನೆ. ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ, ಹಿಂಗಾರಿ ಜೋಳಕ್ಕೆ ಹಸಿ ಸಿಗುತ್ತದೆ. ಎಷ್ಟು ಇಂಗಿತು, ಎಷ್ಟು ಹರಿದು ಹೋಯಿತು ಎಂದು ಯಾರೋ ವರ್ಷಗಟ್ಟಲೆ ಅಳೆದಿದ್ದಕ್ಕೇ ಆ ಸಲಹೆ ಅವನವರೆಗೆ ಬಂದದ್ದು.

ಸಂಶೋಧನೆ ಯಾವಾಗಲೂ ಹೌದು ಎನ್ನುವುದಿಲ್ಲ. ದಿನ ತುಂಬದ ಕೂಸಿನ ಪುಪ್ಪುಸ ಗಟ್ಟಿಯಾಗಲಿ ಎಂದು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಹಳ್ಳಿ ಮಟ್ಟದಲ್ಲೂ ಕೊಟ್ಟರೆ ಹೇಗೆ ಎಂದು ಬೆಳಗಾವಿಯೂ ಸೇರಿ ಆರು ದೇಶಗಳಲ್ಲಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಉಲ್ಟಾ ಇತ್ತು. ತೀರ ಸಣ್ಣ ಕೂಸುಗಳಿಗೆ ಲಾಭ ಕಾಣಲಿಲ್ಲ, ಒಟ್ಟಾರೆ ಕೂಸುಗಳ ಸಾವು ಹೆಚ್ಚಿತ್ತು. ಆಮೇಲೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ತಿಂಗಳು ಖಾತ್ರಿ ಮಾಡಿಕೊಂಡು ಕೊಟ್ಟಾಗ ಸಾವು ಕಡಿಮೆಯಾಯಿತು. ಅದು 2020ರ ಫಲಿತಾಂಶ. ಇಂಜೆಕ್ಷನ್ ಅದೇ, ಕೊಡುವ ಜಾಗ ಬೇರೆ. ಹಳ್ಳಿಯಲ್ಲಿ ನೋಡದೆಯೇ ಎಲ್ಲೆಡೆ ಹಂಚಿದ್ದರೆ ಏನಾಗುತ್ತಿತ್ತು?

ಇಂಥ ಫಲಿತಾಂಶವನ್ನು ಹಳ್ಳಿಗೆ ಹೋಗಿ ಹೇಳುವುದು ಕಷ್ಟ. ಆದರೂ ಹೇಳಿದೆ. ಗುಳಿಗೆಯ ಫಲಿತಾಂಶ ಹೇಳಿದಾಗ ಎಲ್ಲರೂ "ನಂದು ಯಾವ ಗುಳಿಗಿ ಇತ್ತು?" ಎಂದು ಕೇಳಿದ್ದರು. ಈ ಸಲ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅತ್ತೆ ಹೇಳಿದಳು: "ಬಂದು ಹೇಳಿದ್ರಿ, ಚಲೋ ಆತು. ಮುಂದ ಏನರ ಕೇಳಾಕ ಬಂದ್ರ, ಹಿಂದಿಂದು ಏನಾತು ಹೇಳಿ ಆಮ್ಯಾಲ ಕೇಳ್ರಿ."

ಹೊಸ ಹುಡುಗಿಯರಿಗೆ ಮನೆ ಭೇಟಿಯ ತರಬೇತಿ ಕೊಡುವಾಗ ನಾನು ಅದರಿಂದಲೇ ಶುರು ಮಾಡುತ್ತೇನೆ. ಮೊದಲು ಹಿಂದಿನ ಅಧ್ಯಯನದ ಫಲಿತಾಂಶ, ನಾಲ್ಕು ಮಾತಿನಲ್ಲಿ, ಅವರ ಭಾಷೆಯಲ್ಲಿ. ಹೊಸ ಒಪ್ಪಿಗೆ ಪತ್ರ ಚೀಲದಿಂದ ತೆಗೆಯುವುದು ಅದಾದ ಮೇಲೆ.